ತಿದ್ದುವುದಕ್ಕೂ ಒಂದು ಮೇರೆ

ಅಸರ್ ನಮಾಜು ನಡೆದಿದೆ ಎಂದಿಟ್ಟುಕೊಳ್ಳಿ. ಹುಬ್ಬಳ್ಳಿಯ ಯಾವುದೋ ಓಣಿಯ ಮಸೀದಿ, ನಾಲ್ಕೈದು ಸಾಲು ಜನ. ನಾಲ್ಕು ರಕಾತಿನ, ಅಂದರೆ ನಾಲ್ಕು ಸುತ್ತಿನ, ಆ ನಮಾಜಿನಲ್ಲಿ ಎರಡು ರಕಾತ್ ಆದಮೇಲೆ ಇಮಾಮರು ಕುಳಿತು ಅತ್ತಹಿಯ್ಯಾತ್ ಎಂಬ ಪ್ರಾರ್ಥನೆ ಓದಬೇಕು. ಅವರು ಕೂಡ್ರಲಿಲ್ಲ; ‘ಅಲ್ಲಾಹು ಅಕ್ಬರ್’ ಎಂದು ಮೂರನೆಯ ರಕಾತಿಗೆ ನೆಟ್ಟಗೆ ಎದ್ದು ನಿಂತುಬಿಟ್ಟರು. ಹಿಂದಿನ ಸಾಲಿನಿಂದ ಒಬ್ಬರು ‘ಸುಬ್‌ಹಾನಲ್ಲಾಹ್’ ಎಂದು ಎಚ್ಚರಿಸಿದರು. ತಪ್ಪಾದದ್ದು ಇಮಾಮರಿಗೂ ಗೊತ್ತಾಯಿತು. ಈಗ ಅವರು ಏನು ಮಾಡಬೇಕು? ನಮ್ಮಲ್ಲಿ ಯಾರನ್ನು ಕೇಳಿದರೂ, ತಪ್ಪು ಗೊತ್ತಾಯಿತಲ್ಲ, ಮರಳಿ ಕೂಡ್ರಲಿ ಎನ್ನುತ್ತಾರೆ. ಇಸ್ಲಾಮೀ ಧರ್ಮಶಾಸ್ತ್ರ ಹಾಗೆ ಹೇಳುವುದಿಲ್ಲ. ಇನ್ನೂ ಪೂರ್ತಿ ಏಳದೆ ನೆಲಕ್ಕೆ ಹತ್ತಿರವಿದ್ದರೆ ಕೂಡ್ರಬಹುದು. ನೆಟ್ಟಗೆ ನಿಂತಾದ ಮೇಲೆ ಕೂಡ್ರಬಾರದು, ಮುಂದುವರಿಯಬೇಕು. ಹಿಂದಿನವರೂ ಕೂತಲ್ಲಿಂದ ಎದ್ದು ಅವರ ಜೊತೆ ನಿಲ್ಲಬೇಕು. ತಪ್ಪಿಗೆ ಪರಿಹಾರ ಕೊನೆಯಲ್ಲಿ, ಎರಡು ಸಜ್ದಾಗಳ, ಅಂದರೆ ಎರಡು ಸಲ ಹಣೆ ನೆಲಕ್ಕಿಡುವುದರ ರೂಪದಲ್ಲಿ. ಪ್ರವಾದಿಯವರ ಸಂಗಾತಿ ಮುಗೀರಾ ಬಿನ್ ಶುಅಬಾ ನಮಾಜು ಮಾಡಿಸುವಾಗ ಇದೇ ಆಯಿತು. ಹಿಂದಿನವರು ಎಚ್ಚರಿಸಿದಾಗ ಅವರು ತಾವು ಕೂಡ್ರದೆ, ನೀವೇ ಏಳಿ ಎಂದು ಸನ್ನೆ ಮಾಡಿದರು. ನಮಾಜು ಮುಗಿಸಿ ಎರಡು ಸಜ್ದಾ ಮಾಡಿ, ಪ್ರವಾದಿಯವರು ಹೀಗೆಯೇ ಮಾಡಿದ್ದನ್ನು ಕಂಡಿದ್ದೇನೆ ಎಂದರು. ಈ ಒಂದು ಪ್ರಸಂಗದಲ್ಲಿ ನನ್ನ ಇವತ್ತಿನ ಮಾತಿನ ತಿರುಳಿದೆ. ನಮಾಜಿನಲ್ಲಾಗುವ ಮರೆವಿನ ಬಗ್ಗೆ ಇರುವ ನಿಯಮಗಳನ್ನು ಜನ ತಪ್ಪಿನ ಪಟ್ಟಿ ಎಂದು ಓದುತ್ತಾರೆ. ನನಗೆ ಅವು ತಿದ್ದುವಿಕೆಯ ನಿಯಮಗಳಾಗಿ ಕಾಣುತ್ತವೆ: ಯಾರು ತಿದ್ದಬೇಕು, ಎಷ್ಟರ ಮಟ್ಟಿಗೆ ತಿದ್ದಬೇಕು, ಎಲ್ಲಿ ತಿದ್ದದೆ ಬಿಡಬೇಕು ಎನ್ನುವುದರ ವಿಚಾರ ಅವುಗಳಲ್ಲಿ ತಪ್ಪಿನ ವಿಚಾರಕ್ಕಿಂತ ಆಳವಾಗಿದೆ.

ಈ ವಿಷಯಕ್ಕೆ ಹೊಸಬರಾದ ಕೇಳುಗರಿಗಾಗಿ ಸ್ವಲ್ಪ ಹಿನ್ನೆಲೆ. ದಿನಕ್ಕೆ ಐದು ಹೊತ್ತಿನ ನಮಾಜಿನಲ್ಲಿ ಕಡ್ಡಾಯದ ರಕಾತುಗಳು 17: ಫಜರ್‌ನಲ್ಲಿ ಎರಡು, ಜೊಹರ್, ಅಸರ್, ಇಶಾಗಳಲ್ಲಿ ನಾಲ್ಕು ನಾಲ್ಕು, ಮಗ್ರಿಬ್‌ನಲ್ಲಿ ಮೂರು. ಪ್ರತಿ ರಕಾತಿನಲ್ಲಿ ನಿಲ್ಲುವುದು, ಓದುವುದು, ರುಕೂಗೆ ಬಾಗುವುದು, ಎರಡು ಸಲ ಹಣೆ ನೆಲಕ್ಕಿಡುವುದು ಒಂದರ ಮೇಲೊಂದು ಬರುತ್ತವೆ. ಇಷ್ಟನ್ನು ದಿನವೂ ಬದುಕಿಡೀ ಮಾಡುವ ಮನುಷ್ಯ ಒಮ್ಮೆಯೂ ಲೆಕ್ಕ ತಪ್ಪದಿರುವುದು ಸಾಧ್ಯವಿಲ್ಲದ ಮಾತು. ಹುಬ್ಬಳ್ಳಿ-ಧಾರವಾಡದ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಪಂಥದಲ್ಲಿ ನಮಾಜಿನ ಕ್ರಿಯೆಗಳನ್ನು ತೂಕಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ರುಕೂ, ಸಜ್ದಾ, ಕೊನೆಯ ಕೂಡ್ರುವಿಕೆ ಇಂಥವು ಫರ್ಜ್. ಇವು ಬಿಟ್ಟುಹೋದರೆ, ನಮಾಜಿನೊಳಗೇ ನೆನಪಾಗಿ ಮಾಡಿ ಮುಗಿಸದ ಹೊರತು, ನಮಾಜೇ ಆಗುವುದಿಲ್ಲ. ಸೂರಾ ಫಾತಿಹಾ ಓದುವುದು, ಮೊದಲ ಎರಡು ರಕಾತುಗಳಲ್ಲಿ ಅದರ ಜೊತೆ ಮತ್ತೊಂದು ಸೂರಾ ಸೇರಿಸುವುದು, ನಡುವಿನ ಕೂಡ್ರುವಿಕೆ, ಅತ್ತಹಿಯ್ಯಾತ್, ವಿತ್ರ್ ನಮಾಜಿನ ಕುನೂತ್ ಪ್ರಾರ್ಥನೆ ಇವು ವಾಜಿಬ್. ರುಕೂವಿನಲ್ಲಿ, ಸಜ್ದಾದಲ್ಲಿ ಹೇಳುವ ತಸ್ಬೀಹ್‌ನಂಥವು ಸುನ್ನತ್; ಮರೆತರೆ ಪುಣ್ಯ ಕಡಿಮೆಯಾದೀತು, ಪರಿಹಾರವೇನೂ ಬೇಕಿಲ್ಲ. ನಡುವಿನ ಮೆಟ್ಟಿಲಾದ ವಾಜಿಬ್ ಮರೆವಿನಿಂದ ತಪ್ಪಿದಾಗ ಮಾಡುವುದೇ ಸಜ್ದಾ-ಎ-ಸಹ್ವ್, ಅಂದರೆ ಮರೆವಿನ ಸಜ್ದಾ. ಕೊನೆಯ ಬಾರಿ ಕುಳಿತು ಅತ್ತಹಿಯ್ಯಾತ್ ಓದಿ, ಬಲಗಡೆಗೆ ಒಂದೇ ಸಲಾಮ್ ಹೇಳಿ, ಎರಡು ಸಜ್ದಾ ಮಾಡಿ, ಮತ್ತೆ ಅತ್ತಹಿಯ್ಯಾತ್, ಪ್ರವಾದಿಯವರಿಗೆ ಶುಭ ಕೋರುವ ದರೂದ್, ದುಆ ಓದಿ ಎರಡೂ ಕಡೆ ಸಲಾಮ್ ಹೇಳಿ ಮುಗಿಸುತ್ತಾರೆ.

ಈಗ ಮೊದಲ ಪ್ರಸಂಗಕ್ಕೆ ಬಂದರೆ ಕಾರಣ ಬಿಡಿಸಿಕೊಳ್ಳುತ್ತದೆ. ನಿಲ್ಲುವುದು ಫರ್ಜ್, ನಡುವಿನ ಕೂಡ್ರುವಿಕೆ ವಾಜಿಬ್. ದೊಡ್ಡದಕ್ಕೆ ಕೈ ಹಾಕಿಯಾದ ಮೇಲೆ ಸಣ್ಣದನ್ನು ಸರಿಮಾಡಲು ದೊಡ್ಡದನ್ನು ಬಿಟ್ಟು ಬರಬಾರದು. ಹುಬ್ಬಳ್ಳಿ ದುರ್ಗದಬೈಲಿನ ಹಳೆಯ ಅಂಗಡಿಗಳ ಮುನೀಮರು ರೋಜಕಿರ್ದಿಯಲ್ಲಿ ತಪ್ಪಿ ಬಿದ್ದ ರಕಮನ್ನು ಕೆರೆದು ಅಳಿಸುವುದಿಲ್ಲ. ಮುಂದಿನ ಸಾಲಿನಲ್ಲಿ ಅದಕ್ಕೆದುರಾಗಿ ಇನ್ನೊಂದು ರಕಮು ಹಾಕಿ ಲೆಕ್ಕ ಸರಿದೂಗಿಸುತ್ತಾರೆ. ತಪ್ಪು ಕಾಗದದ ಮೇಲೆ ಹಾಗೆಯೇ ಇರುತ್ತದೆ, ಬಾಕಿ ಮಾತ್ರ ಸರಿಯಾಗುತ್ತದೆ. ಸಜ್ದಾ-ಎ-ಸಹ್ವ್‌ನ ಕೆಲಸವೂ ಇಂಥದೇ. ಆದ ತಪ್ಪನ್ನು ಆಗಲಿಲ್ಲ ಎನ್ನುವಂತೆ ಮಾಡುವ ಪ್ರಯತ್ನ ಇಲ್ಲಿಲ್ಲ. ಇನ್ನೊಂದು ವಿಶೇಷವುಂಟು. ಒಂದೇ ನಮಾಜಿನಲ್ಲಿ ಫಾತಿಹಾ ಮರೆತು, ನಡುವೆ ಕೂಡ್ರುವುದನ್ನೂ ಮರೆತು, ಮತ್ತೇನನ್ನೋ ಹಿಂದುಮುಂದು ಮಾಡಿದರೂ ಸಜ್ದಾ ಎರಡೇ. ತಪ್ಪಿಗೊಂದರಂತೆ ದಂಡ ಹಾಕುವ ಲೆಕ್ಕ ಇದಾಗಿದ್ದರೆ ಹೀಗಿರುತ್ತಿರಲಿಲ್ಲ.

ಈ ನಿಯಮಗಳು ಪಂಡಿತರ ಕೋಣೆಯಲ್ಲಿ ಕೂತು ಊಹಿಸಿದವಲ್ಲ. ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳ ಸಂಗ್ರಹಗಳು ನೇರವಾಗಿ ಹೇಳುವಂತೆ, ಪ್ರವಾದಿ ಮುಹಮ್ಮದರೇ ನಮಾಜಿನಲ್ಲಿ ಮರೆತ ಪ್ರಸಂಗಗಳಿವೆ. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳೆರಡರಲ್ಲೂ ಇರುವ ಒಂದು ವರದಿಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮಧ್ಯಾಹ್ನದ ಮೇಲಿನ ಒಂದು ನಮಾಜಿನಲ್ಲಿ ನಾಲ್ಕರ ಬದಲು ಎರಡೇ ರಕಾತಿಗೆ ಪ್ರವಾದಿಯವರು ಸಲಾಮ್ ಹೇಳಿ ಎದ್ದರು. ಮಸೀದಿಯ ಮುಂಭಾಗದಲ್ಲಿದ್ದ ಒಂದು ಮರದ ತುಂಡಿಗೆ ಒರಗಿ, ಬೆರಳೊಳಗೆ ಬೆರಳು ಸೇರಿಸಿ ನಿಂತರು; ಮುಖದಲ್ಲಿ ಕೋಪವಿದ್ದಂತೆ ಕಾಣುತ್ತಿತ್ತು. ಅವಸರದವರು, ನಮಾಜನ್ನು ಕಡಿಮೆ ಮಾಡಿದ್ದಾರೆ ಎಂದುಕೊಂಡು ಹೊರಗೆ ನಡೆದರು. ಹತ್ತಿರದ ಸಂಗಾತಿಗಳಾದ ಅಬೂಬಕರ್ ಮತ್ತು ಉಮರ್ ಅಲ್ಲೇ ಇದ್ದರು, ಆದರೆ ಕೇಳುವ ಧೈರ್ಯ ಅವರಿಗಾಗಲಿಲ್ಲ. ಕೈಗಳು ಉದ್ದವಾಗಿದ್ದವೆಂದು ಜುಲ್-ಯದೈನ್ ಎಂದು ಜನ ಕರೆಯುತ್ತಿದ್ದ ಒಬ್ಬ ಮನುಷ್ಯ ಎದ್ದು, ತಾವು ಮರೆತಿರೋ ಅಥವಾ ನಮಾಜೇ ಕಡಿಮೆಯಾಯಿತೋ ಎಂದು ಕೇಳಿದ. ಎರಡೂ ಅಲ್ಲ ಎಂದರು ಪ್ರವಾದಿಯವರು. ಆತ ಬಿಡಲಿಲ್ಲ. ಆಗ ಅವರು ಉಳಿದವರನ್ನು ಕೇಳಿದರು. ಹೌದು, ಎರಡೇ ಆಗಿದೆ ಎಂದು ಎಲ್ಲರೂ ಹೇಳಿದ ಮೇಲೆ ಬಿಟ್ಟುಹೋದ ಎರಡು ರಕಾತ್ ಮಾಡಿಸಿ, ಸಲಾಮ್ ಹೇಳಿ, ಎರಡು ಸಜ್ದಾ ಮಾಡಿದರು. ಈ ವರದಿಯನ್ನು ಅಬೂಹುರೈರಾರಿಂದ ಕೇಳಿ ಮುಂದಿನವರಿಗೆ ದಾಟಿಸಿದ ಇಬ್ನ್ ಸೀರೀನ್, ಅದು ಜೊಹರೋ ಅಸರೋ ಎಂಬುದನ್ನು ಗುರುಗಳು ಹೇಳಿದ್ದರು, ನನಗೇ ಮರೆತುಹೋಯಿತು ಎಂದು ಸೇರಿಸಿದ್ದಾರೆ. ಮರೆವಿನ ಹದೀಸಿನಲ್ಲಿ ಹದೀಸುಗಾರನ ಮರೆವೂ ದಾಖಲಾಗಿ ಕೂತಿದೆ. ಅದನ್ನು ಯಾರೂ ಉಜ್ಜಿ ನುಣುಪು ಮಾಡಲಿಲ್ಲ.

ಇನ್ನೊಂದು ಪ್ರಸಂಗ ಅಬ್ದುಲ್ಲಾ ಬಿನ್ ಮಸ್‌ಊದರದು. ಅಲ್ಲಿ ಪ್ರವಾದಿಯವರು ಜೊಹರ್‌ನಲ್ಲಿ ಐದು ರಕಾತ್ ಮಾಡಿಸಿದ್ದರು. ಜನ ಹೇಳಿದಾಗ ಅವರು ಕಾಲು ಮಡಚಿ ಕುಳಿತು ಎರಡು ಸಜ್ದಾ ಮಾಡಿದರು. ಆಮೇಲೆ, ತಾನೂ ಅವರಂತೆಯೇ ಮನುಷ್ಯ, ಅವರು ಮರೆಯುವಂತೆ ತಾನೂ ಮರೆಯುವುದುಂಟು, ಮರೆತಾಗ ನೆನಪಿಸಬೇಕು ಎಂಬರ್ಥದ ಮಾತು ಆಡಿದರು. ನೆನಪಿಸುವುದನ್ನು ಇಲ್ಲಿ ಹಿಂದೆ ನಿಂತವರ ಕರ್ತವ್ಯವಾಗಿಯೇ ಮಾಡಿದ್ದಾರೆ. ಮೂರನೆಯದು ಅಬೂಸಈದ್ ಖುದ್ರಿಯವರ ವರದಿ: ಮೂರಾಯಿತೋ ನಾಲ್ಕಾಯಿತೋ ಎಂಬ ಅನುಮಾನ ಬಂದವನು ಅನುಮಾನವನ್ನು ಬಿಟ್ಟು ಖಚಿತವಾದುದರ ಮೇಲೆ ಮುಂದುವರಿಯಲಿ, ಕೊನೆಯಲ್ಲಿ ಎರಡು ಸಜ್ದಾ ಮಾಡಲಿ. ಇವುಗಳ ಜೊತೆಗೆ, ಮಾದರಿ ಹಾಕಿಕೊಡಲೆಂದೇ ಪ್ರವಾದಿಯವರನ್ನು ಮರೆಯುವಂತೆ ಮಾಡಲಾಗುತ್ತಿತ್ತು ಎಂಬರ್ಥದ ಒಂದು ಮಾತು ಇಮಾಮ್ ಮಾಲಿಕರ ಮುವತ್ತಾ ಗ್ರಂಥದಲ್ಲಿದೆ. ಉಪನ್ಯಾಸಗಳಲ್ಲಿ ಅದನ್ನು ಬಹಳ ಸಲ ಎತ್ತುತ್ತಾರೆ. ಅದರ ಸನದು, ಅಂದರೆ ಯಾರಿಂದ ಯಾರಿಗೆ ಬಂತೆಂಬ ಸರಪಳಿ, ಸಿಕ್ಕಿಲ್ಲವೆಂದು ಹದೀಸ್ ವಿದ್ವಾಂಸರೇ ಹೇಳಿರುವುದರಿಂದ ನಾನು ಅದರ ಮೇಲೆ ಭಾರ ಹಾಕುವುದಿಲ್ಲ. ಹಾಕುವ ಅಗತ್ಯವೂ ಇಲ್ಲ. ಮರೆತದ್ದು ಬರಿಯ ಮರೆವೇ ಆಗಿದ್ದರೂ ಅದಕ್ಕೆ ದಾರಿ ತೋರಿಸಿದರೆಂಬುದು ಸಾಕು.

ತಿದ್ದುವಿಕೆಗೆ ಹಾಕಿದ ಮೇರೆಗಳು ಎಲ್ಲೆಲ್ಲಿವೆ ನೋಡೋಣ. ಮೊದಲನೆಯದು, ತನ್ನನ್ನು ತಾನೇ ತಿದ್ದಿಕೊಳ್ಳುವವನ ಮೇಲಿನ ಮೇರೆ. ಮನೆಯಲ್ಲಿ ಒಬ್ಬರೇ ನಮಾಜು ಮಾಡುವವರಿಗೆ, ಅದರಲ್ಲೂ ಮನೆಯ ಹೆಣ್ಣುಮಕ್ಕಳಿಗೆ, ಹಿಂದಿನಿಂದ ಎಚ್ಚರಿಸುವವರು ಯಾರೂ ಇರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದವರಿಗೆ ಮೂರೋ ನಾಲ್ಕೋ ಎಂಬ ಗೊಂದಲ ಸಹಜ. ಹನಫೀ ಪಂಡಿತರು ಇಲ್ಲಿ ಮನುಷ್ಯನ ಸ್ವಭಾವವನ್ನು ಅಳೆದು ಹೇಳಿದ್ದಾರೆ. ಇಂಥ ಅನುಮಾನ ಎಂದೂ ಬಾರದವರಿಗೆ ಬಂದರೆ ನಮಾಜನ್ನು ಮತ್ತೆ ಮೊದಲಿನಿಂದ ಮಾಡಲಿ. ಪದೇಪದೇ ಬರುವವರು ಮತ್ತೆ ಮತ್ತೆ ಶುರು ಮಾಡಬಾರದು. ಮನಸ್ಸು ಯಾವ ಕಡೆ ಹೆಚ್ಚು ವಾಲುತ್ತದೋ ಅದರಂತೆ ನಡೆಯಲಿ. ಯಾವ ಕಡೆಗೂ ವಾಲದಿದ್ದರೆ ಕಡಿಮೆಯ ಸಂಖ್ಯೆಯನ್ನೇ ಹಿಡಿದು, ಕೊನೆಯದಾಗಿರಬಹುದಾದ ಪ್ರತಿ ರಕಾತಿನಲ್ಲೂ ಕುಳಿತು ಮುಗಿಸಲಿ. ಸಲಾಮ್ ಹೇಳಿ ಮುಗಿಸಿದ ಮೇಲೆ ಹುಟ್ಟುವ ಬರಿಯ ಅನುಮಾನಕ್ಕೆ ಬೆಲೆಯೇ ಇಲ್ಲ. ಅತಿ ಜಾಗ್ರತೆಯವರು ತಮ್ಮನ್ನು ತಾವು ಪೀಡಿಸಿಕೊಳ್ಳುವ ಆ ಸ್ಥಿತಿಗೆ ವಸ್ವಸಾ ಎನ್ನುತ್ತಾರೆ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಮಾಡುತ್ತ ನಳದ ಮುಂದಿನಿಂದ ಏಳದವರು, ‘ಅಲ್ಲಾಹು ಅಕ್ಬರ್’ ಎಂಬ ತಕ್ಬೀರನ್ನು ನಾಲ್ಕು ಸಲ ಹೇಳಿದರೂ ಸಮಾಧಾನವಿಲ್ಲದವರು ಎಲ್ಲ ಊರಲ್ಲೂ ಸಿಗುತ್ತಾರೆ. ಶಾಸ್ತ್ರ ಅವರ ಜಾಗ್ರತೆಯನ್ನು ಭಕ್ತಿಯೆಂದು ಹೊಗಳದೆ, ಸಾಕು ಬಿಡಿ ಎನ್ನುತ್ತದೆ. ಧಾರ್ಮಿಕ ನಿಯಮಗಳು ಮನುಷ್ಯನನ್ನು ಅಳುಕಿಗೆ ತಳ್ಳುತ್ತವೆ ಎನ್ನುವವರು ಈ ಭಾಗವನ್ನು ಓದಬೇಕು.

ಎರಡನೆಯದು ಇನ್ನೊಬ್ಬರನ್ನು ತಿದ್ದುವವರ ಮೇಲಿನ ಮೇರೆ. ಹಿಂದೆ ನಿಂತವರು ಇಮಾಮರಿಗೆ ‘ತಪ್ಪಿದಿರಿ’ ಎನ್ನುವಂತಿಲ್ಲ, ಮಾತಾಡಿದರೆ ಅವರ ನಮಾಜೇ ಮುರಿಯುತ್ತದೆ. ಅವರಿಗೆ ಕೊಟ್ಟಿರುವುದು ದೇವರ ಸ್ತುತಿಯ ಒಂದು ಪದ ಮಾತ್ರ. ಹೆಂಗಸರು ಬಲಗೈಯಿಂದ ಎಡಗೈಯ ಮೇಲೆ ತಟ್ಟಿ ಸದ್ದು ಮಾಡಬೇಕು. ಯಾವ ತಪ್ಪು, ಎಷ್ಟು ತಪ್ಪು ಎಂಬ ವಿವರಣೆಗೆ ಜಾಗವಿಲ್ಲ. ಕೇಳಿದ ಇಮಾಮರು ತಾವೇ ನೆನಪಿಸಿಕೊಂಡು ತೀರ್ಮಾನಿಸಬೇಕು. ಹಾಗಾದರೆ ಜುಲ್-ಯದೈನ್ ಮಾತಾಡಿದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ನಮಾಜಿನಲ್ಲಿ ಮಾತಿಗೆ ತಡೆ ಬರುವ ಮುಂಚಿನ ಪ್ರಸಂಗ ಅದು ಎಂದು ಹನಫೀಗಳು. ನಮಾಜು ಮುಗಿಯಿತೆಂದು ತಿಳಿದು ಆಡಿದ ನಾಲ್ಕು ಮಾತಿನಿಂದ ನಮಾಜು ಕೆಡದು ಎಂದು ಇನ್ನೊಂದು ಪಂಥದವರಾದ ಶಾಫಿಈಗಳು. ಓದಿನಲ್ಲಿ ತಪ್ಪಿದಾಗ ಎತ್ತಿಕೊಡುವುದಕ್ಕೆ ಲುಕ್ಮಾ ಕೊಡುವುದು ಎನ್ನುತ್ತಾರೆ. ರಮಜಾನ್ ತಿಂಗಳ ತರಾವೀಹ್‌ನಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಹಾಫಿಜರು ಕುರ್‌ಆನನ್ನು ಬಾಯಿಪಾಠದಿಂದ ರಾತ್ರಿಗಿಷ್ಟು ಎಂದು 20 ರಕಾತುಗಳಲ್ಲಿ ಓದುತ್ತ ಹೋಗುತ್ತಾರೆ. ಅವರ ಬೆನ್ನ ಹಿಂದೆಯೇ, ಮೊದಲ ಸಾಲಿನ ನಡುವೆ, ಇನ್ನೊಬ್ಬ ಹಾಫಿಜರು ಸಾಮಿಅ್ ಆಗಿ, ಅಂದರೆ ಕೇಳುವವರಾಗಿ ನಿಲ್ಲುತ್ತಾರೆ. ಒಂದೇ ಬಗೆಯಲ್ಲಿ ಮುಗಿಯುವ ಎರಡು ಆಯತುಗಳಲ್ಲಿ ಒಂದರ ಬಾಲಕ್ಕೆ ಇನ್ನೊಂದು ಜೋಡಿಸಿಬಿಟ್ಟರೆ, ಓದು ಸಿಕ್ಕಿಕೊಂಡು ನಿಂತರೆ, ಸಾಮಿಅ್ ಮುಂದಿನ ಎರಡು ಮೂರು ಪದ ಎತ್ತಿಕೊಡುತ್ತಾರೆ. ಇಮಾಮರು ಅದನ್ನು ಹಿಡಿದು ಸಾಗುತ್ತಾರೆ. ಆದರೆ ನಮಾಜಿನಲ್ಲಿ ಇಲ್ಲದ ಒಬ್ಬರು ಬಾಗಿಲ ಬಳಿ ಕೂತು ಸರಿಯಾದ ಪದವನ್ನೇ ಹೇಳಿಕೊಟ್ಟು, ಇಮಾಮರು ಅದನ್ನು ತೆಗೆದುಕೊಂಡರೆ, ಹನಫೀ ನಿಯಮದಂತೆ ನಮಾಜು ಕೆಡುತ್ತದೆ. ಇದು ನನಗೆ ಈ ಇಡೀ ಶಾಸ್ತ್ರದ ಅತ್ಯಂತ ಸೂಕ್ಷ್ಮವಾದ ಜಾಗ. ಹೇಳಿದ್ದು ಸರಿಯಿದ್ದರೂ ತಿದ್ದುವ ಹಕ್ಕು ಇರುವುದು ಸಾಲಿನೊಳಗೆ ನಿಂತವರಿಗೆ ಮಾತ್ರ.

ಮೂರನೆಯ ಮೇರೆ ಜನಸಂದಣಿಯದು. ಹುಬ್ಬಳ್ಳಿಯ ಮಟ್ಟಿಗೆ ಇದೇ ಎಲ್ಲರ ಕಣ್ಣಿಗೆ ಬೀಳುವಂಥದು. ವರ್ಷಕ್ಕೆ ಎರಡು ಸಲ, ರಮಜಾನ್ ಮತ್ತು ಬಕ್ರೀದ್ ಹಬ್ಬಗಳಂದು, ಕಿತ್ತೂರು ಚನ್ನಮ್ಮ ವೃತ್ತದ ಬಳಿಯ ಈದ್ಗಾ ಮೈದಾನದಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಈದ್ ನಮಾಜು ಎರಡೇ ರಕಾತಿನದು, ಆದರೆ ಹನಫೀ ಕ್ರಮದಲ್ಲಿ ಅದರಲ್ಲಿ ಆರು ಹೆಚ್ಚಿನ ತಕ್ಬೀರುಗಳಿವೆ: ಮೊದಲ ರಕಾತಿನಲ್ಲಿ ಓದಿಗೆ ಮುಂಚೆ ಮೂರು, ಎರಡನೆಯದರಲ್ಲಿ ಓದು ಮುಗಿದು ರುಕೂಗೆ ಹೋಗುವ ಮುಂಚೆ ಮೂರು. ಎರಡನೆಯ ರಕಾತಿನಲ್ಲಿ ಇಮಾಮರ ದನಿ ಕೇಳಿದ್ದೇ ತಡ, ಅಭ್ಯಾಸಬಲದಿಂದ ಒಂದಷ್ಟು ಜನ ರುಕೂಗೆ ಬಾಗಿಬಿಡುತ್ತಾರೆ; ಅಕ್ಕಪಕ್ಕದವರು ಕೈ ಎತ್ತಿ ಬಿಟ್ಟದ್ದನ್ನು ಓರೆಗಣ್ಣಿನಿಂದ ಕಂಡು ಮತ್ತೆ ನೆಟ್ಟಗಾಗುತ್ತಾರೆ. ಅವರ ಈ ತಪ್ಪಿಗೆ ಪರಿಹಾರವೇನೂ ಬೇಡ, ಏಕೆಂದರೆ ಇಮಾಮರ ಹಿಂದೆ ನಿಂತವರ ಮರೆವಿಗೆ ಸಜ್ದಾ ಇಲ್ಲ. ಇಮಾಮರೇ ತಕ್ಬೀರು ಮರೆತರೆ? ಅವು ವಾಜಿಬ್ ಆದ್ದರಿಂದ ನಿಯಮದ ಪ್ರಕಾರ ಸಜ್ದಾ-ಎ-ಸಹ್ವ್ ಬರಬೇಕು. ಆದರೂ ಶುಕ್ರವಾರದ ಜುಮಾ ಮತ್ತು ಈದ್ ನಮಾಜುಗಳಲ್ಲಿ ಅದನ್ನು ಮಾಡದಿರುವುದೇ ಒಳ್ಳೆಯದು, ಜನ ಗೊಂದಲಕ್ಕೆ ಬೀಳುತ್ತಾರೆ ಎಂದು ಹಿಂದಿನ ಪಂಡಿತರು ಹೇಳಿದ್ದಾರೆ. ಔರಂಗಜೇಬನ ಕಾಲದಲ್ಲಿ ಸಂಕಲಿಸಿದ ಫತಾವಾ-ಎ-ಆಲಮ್‌ಗೀರಿಯಲ್ಲೂ ಈ ತೀರ್ಮಾನವಿದೆ. ಬಲಗಡೆಗೆ ಸಲಾಮ್ ಹೇಳಿದ ಕೂಡಲೇ ನಮಾಜು ಮುಗಿಯಿತೆಂದು ಅರ್ಧ ಜನ ಎದ್ದು ಪರಸ್ಪರ ಅಪ್ಪಿಕೊಳ್ಳತೊಡಗಿ, ಉಳಿದರ್ಧ ಜನ ಸಜ್ದಾಕ್ಕೆ ಬಾಗಿದ ನೋಟವನ್ನು ಊಹಿಸಿಕೊಂಡರೆ ಅವರ ಆತಂಕ ಅರ್ಥವಾಗುತ್ತದೆ. ವಾಜಿಬ್ ಎಂದು ತಾವೇ ಕರೆದ ಪರಿಹಾರವನ್ನು, ಜನ ಒಡೆಯಬಾರದೆಂಬ ಕಾರಣಕ್ಕೆ ತಾವೇ ಕೈಬಿಟ್ಟರು.

ಈಗ ಧ್ವನಿವರ್ಧಕಗಳು ಬಂದಿವೆ, ಇಮಾಮರ ಪ್ರತಿ ಮಾತೂ ಕೊನೆಯ ಸಾಲಿಗೆ ಕೇಳುತ್ತದೆ, ಹಾಗಿರುವಾಗ ಈ ರಿಯಾಯಿತಿ ಏಕೆ ಎಂದು ಕೆಲವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಹನಫೀ ಗ್ರಂಥಗಳ ವ್ಯಾಖ್ಯಾನಕಾರರೇ ಇದನ್ನು ದೊಡ್ಡ ಗುಂಪಿಗೆ ಮಾತ್ರ ಸೀಮಿತ ಮಾಡಿದ್ದಾರೆ; ಸಣ್ಣ ಓಣಿಯ ಜುಮಾದಲ್ಲಿ ಗೊಂದಲದ ಭಯವಿಲ್ಲದಿದ್ದರೆ ಸಜ್ದಾ ಬಿಡಲು ಕಾರಣವಿಲ್ಲ. ಆದರೆ ಈದ್ಗಾದ ಮಟ್ಟಿಗೆ ಧ್ವನಿವರ್ಧಕ ಸಮಸ್ಯೆಯನ್ನು ಬಗೆಹರಿಸಿದೆ ಎಂದು ನನಗನ್ನಿಸುವುದಿಲ್ಲ. ಗೊಂದಲಕ್ಕೆ ಕಾರಣ ಕೇಳಿಸದಿರುವುದಲ್ಲ, ತಿಳಿಯದಿರುವುದು. ವರ್ಷಕ್ಕೆರಡು ಸಲ ಮಾತ್ರ ಸಾಲಿನಲ್ಲಿ ನಿಲ್ಲುವವರು ಅಲ್ಲಿ ಕಡಿಮೆಯಿರುವುದಿಲ್ಲ. ಒಂದು ಸಲಾಮ್ ಆದಮೇಲೆ ಏನು ನಡೆದಿದೆ ಎಂಬುದು ಅವರಿಗೆ ಮೈಕಿನಿಂದ ಗೊತ್ತಾಗುವಂಥದಲ್ಲ.

ಇಷ್ಟಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಅಸಡ್ಡೆಯದು. ಎರಡು ಸಜ್ದಾದಿಂದ ಎಲ್ಲ ಸರಿಹೋಗುವುದಾದರೆ ಯಾರು ಗಮನ ಕೊಟ್ಟಾರು? ಇದಕ್ಕೆ ಶಾಸ್ತ್ರದಲ್ಲಿ ಬಿಗಿಯಾದ ಉತ್ತರವಿದೆ. ವಾಜಿಬನ್ನು ಬೇಕೆಂದೇ ಬಿಟ್ಟವನಿಗೆ ಸಜ್ದಾ-ಎ-ಸಹ್ವ್ ಸಿಗುವುದಿಲ್ಲ. ಅವನು ನಮಾಜನ್ನೇ ಮತ್ತೆ ಮಾಡಬೇಕು. ಹೊರಗಿನಿಂದ ನೋಡಿದರೆ ಇಬ್ಬರೂ ಬಿಟ್ಟದ್ದು ಅದೇ ಒಂದು ಕ್ರಿಯೆ. ಮರೆತವನಿಗೆ ಸುಲಭದ ದಾರಿ, ಉದ್ದೇಶಪೂರ್ವಕವಾಗಿ ಬಿಟ್ಟವನಿಗೆ ಆ ದಾರಿ ಬಂದ್. ಕುರ್‌ಆನ್ ತನ್ನ 107ನೆಯ ಅಧ್ಯಾಯದಲ್ಲಿ ನಮಾಜಿನ ಬಗ್ಗೆ ಉದಾಸೀನರಾದವರನ್ನು ಕಟುವಾಗಿ ಖಂಡಿಸುತ್ತದಲ್ಲ ಎಂದೂ ಕೇಳಬಹುದು. ಅಲ್ಲಿ ಮುಂದಿನ ಮಾತುಗಳೇ ಗುರಿ ಯಾರೆಂದು ತೋರಿಸುತ್ತವೆ: ತೋರಿಕೆಗಾಗಿ ಮಾಡುವವರು, ನೆರೆಹೊರೆಗೆ ಸಣ್ಣ ನೆರವನ್ನೂ ಕೊಡದವರು. ನಮಾಜಿನೊಳಗೆ ನಿಂತು ರಕಾತಿನ ಲೆಕ್ಕ ಮರೆತವರು ಆ ಪಟ್ಟಿಯಲ್ಲಿಲ್ಲ. ಅದೇ ಗ್ರಂಥದ ಎರಡನೆಯ ಅಧ್ಯಾಯ ಮುಗಿಯುವುದೇ, ಮರೆತರೆ ಅಥವಾ ತಪ್ಪಿದರೆ ಹಿಡಿದು ದಂಡಿಸಬೇಡ ಎಂಬ ಪ್ರಾರ್ಥನೆ ಇರುವ ಆಯತಿನೊಂದಿಗೆ.

ಎರಡನೆಯ ಆಕ್ಷೇಪ ನಮ್ಮ ನೆಲದ್ದೇ ಆಗಿರುವುದರಿಂದ ಅದಕ್ಕೆ ಹೆಚ್ಚು ಗೌರವದಿಂದ ಉತ್ತರಿಸಬೇಕು. ವಚನಕಾರರ ನಾಡಿದು. ಇಲ್ಲಿಂದ ಬಹಳ ದೂರವಿಲ್ಲದ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ, ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದ ಷರೀಫರ ಪದಗಳನ್ನು ಇದೇ ಬಾನುಲಿಯಲ್ಲಿ ಕೇಳಿ ಬೆಳೆದವರು ನೀವು. ಅಂಥ ಕಿವಿಗೆ ಈ ವಾಜಿಬು, ಈ ಒಂದು ಸಲಾಮು ಎರಡು ಸಜ್ದಾ ಎಲ್ಲ ಒಣ ಲೆಕ್ಕವೆನಿಸಬಹುದು. ಮನಸ್ಸು ಒಳಗಿದ್ದರೆ ರಕಾತು ಮೂರಾದರೇನು ಐದಾದರೇನು ಎನಿಸಬಹುದು. ಇದರಲ್ಲಿ ಒಂದು ಭಾಗವನ್ನು ಶಾಸ್ತ್ರಕಾರರು ಮೊದಲೇ ಒಪ್ಪಿದ್ದಾರೆ. ನಮಾಜಿನಲ್ಲಿ ಮನಸ್ಸು ಪೇಟೆಗೆ ಹೋಗಿ ಬಂದದ್ದಕ್ಕೆ ಯಾವ ಸಜ್ದಾವೂ ಇಲ್ಲ. ಖಲೀಫಾ ಉಮರ್ ತಾವು ನಮಾಜಿನಲ್ಲಿ ಸೈನ್ಯದ ವ್ಯವಸ್ಥೆ ಯೋಚಿಸುವುದುಂಟೆಂದು ಹೇಳಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ನಮಾಜು ಮುಗಿಸಿದವನಿಗೆ ಅದರ ಅರ್ಧವೋ, ಕಾಲುಭಾಗವೋ, ಹತ್ತರಲ್ಲೊಂದೋ ಮಾತ್ರ ದಕ್ಕುತ್ತದೆಂಬ ವರದಿಯೂ ಇದೆ. ಅಂದರೆ ಒಳಗಿನ ಲೆಕ್ಕ ಬೇರೆ, ಅದು ದೇವರ ಕೈಯಲ್ಲಿ. ಇಮಾಮರೂ ಪಕ್ಕದವರೂ ಪುಸ್ತಕವೂ ಅದನ್ನು ತಿದ್ದುವಂತಿಲ್ಲ. ನಿಯಮಗಳು ಕಣ್ಣಿಗೆ ಕಾಣುವ ಕ್ರಿಯೆಗೆ ಬಂದು ನಿಂತುಬಿಟ್ಟದ್ದನ್ನು ಜನ ಒಣತನ ಎಂದು ಕರೆದರೆ, ಅದೇ ನಿಲುಗಡೆಯನ್ನು ನಾನು ವಿವೇಕ ಎನ್ನುತ್ತೇನೆ. ಹೃದಯಕ್ಕೂ ಒಂದು ಪರಿಹಾರದ ಪಟ್ಟಿ ಬರೆದಿದ್ದರೆ ಗತಿಯೇನಾಗುತ್ತಿತ್ತು?

ಒಳ್ಳೆಯ ಮಾತೂ ತಪ್ಪು ಜಾಗದಲ್ಲಿ ಬಂದರೆ ಮರೆವೇ ಎಂಬುದಕ್ಕೆ ಹನಫೀ ಗ್ರಂಥಗಳಲ್ಲಿ ಒಂದು ಕನಸಿನ ಕಥೆ ಹೇಳುತ್ತಾರೆ. ನಡುವಿನ ಕೂಡ್ರುವಿಕೆಯಲ್ಲಿ ಅತ್ತಹಿಯ್ಯಾತ್ ಮುಗಿದ ಕೂಡಲೇ ಏಳಬೇಕು. ಮರೆತು ದರೂದ್ ಶುರು ಮಾಡಿದರೆ, ಏಳುವುದು ತಡವಾಯಿತೆಂದು ಸಜ್ದಾ-ಎ-ಸಹ್ವ್ ಬರುತ್ತದೆ. ನನ್ನ ಮೇಲೆ ದರೂದ್ ಕಳಿಸಿದವನಿಗೆ ಸಜ್ದಾ ಏಕೆ ಹಾಕಿದೆ ಎಂದು ಪ್ರವಾದಿಯವರು ಕನಸಿನಲ್ಲಿ ಹನಫೀ ಪಂಥದ ಮೂಲಪುರುಷ ಇಮಾಮ್ ಅಬೂಹನೀಫರನ್ನು ಕೇಳಿದರಂತೆ. ಮರೆತು ಕಳಿಸಿದನಲ್ಲ, ಅದಕ್ಕೆ ಎಂದರಂತೆ ಇಮಾಮರು. ಕಥೆ ನಡೆದದ್ದೋ ಕಟ್ಟಿದ್ದೋ, ಹೇಳುವವರ ಬಾಯಲ್ಲಿ ನಗು ಇರುತ್ತದೆ. ನಮ್ಮ ಇತರ ಸಂಪ್ರದಾಯಗಳಿಗೂ ಈ ಚಿಂತೆ ಹೊಸತಲ್ಲ. ಶ್ರೌತ ಯಜ್ಞದಲ್ಲಿ ಬ್ರಹ್ಮನೆಂಬ ಋತ್ವಿಜ ಹೆಚ್ಚಾಗಿ ಮೌನವಾಗಿಯೇ ಕೂತು ಇತರರ ಕರ್ಮವನ್ನು ಕಾಯುತ್ತಾನೆ, ತಪ್ಪಿದಲ್ಲಿ ಪ್ರಾಯಶ್ಚಿತ್ತ ಮಾಡಿಸುತ್ತಾನೆ. ಮನೆಯ ಪೂಜೆಯ ಕೊನೆಗೆ ಮಂತ್ರಲೋಪ ಕ್ರಿಯಾಲೋಪಗಳಿಗೆ ಕ್ಷಮೆ ಬೇಡುವುದು ಎಲ್ಲರಿಗೂ ಗೊತ್ತು. ಆ ಕ್ಷಮೆ ತಪ್ಪಾದರೂ ಆಗದಿದ್ದರೂ ಬೇಡುವಂಥದು. ನಮಾಜು ಮುಗಿದ ಮೇಲೆ ಮೂರು ಸಲ ಹೇಳುವ ‘ಅಸ್ತಗ್‌ಫಿರುಲ್ಲಾಹ್’ ಅದಕ್ಕೆ ಹತ್ತಿರದ್ದು. ಮರೆವಿನ ಸಜ್ದಾ ಮಾತ್ರ ಗುರುತಿಸಿದ ಒಂದು ಲೋಪಕ್ಕೆ ಗೊತ್ತುಪಡಿಸಿದ ಪರಿಹಾರ. ಇಂಥ ಸೂಕ್ಷ್ಮಗಳು ಹೊರಗಿನವರ ಕಣ್ಣಿಗೆ ಬೀಳದಿರುವುದಕ್ಕೆ ಒಂದು ಹಿನ್ನೆಲೆಯಿದೆ. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹನಫೀ ಪಂಥದ ಪ್ರಸಿದ್ಧ ಗ್ರಂಥ ಹಿದಾಯಾವನ್ನು ಇಂಗ್ಲಿಷಿಗೆ ತಂದಾಗ ನಮಾಜಿನ ಭಾಗವನ್ನೇ ಬಿಟ್ಟ. ಈಸ್ಟ್ ಇಂಡಿಯಾ ಕಂಪನಿಯ ಕೋರ್ಟಿಗೆ ಬೇಕಾದದ್ದು ಆಸ್ತಿ, ಮದುವೆ, ವ್ಯವಹಾರ. ಈ ಕಾನೂನಿನ ಹೆಚ್ಚು ಮೃದುವಾದ ಮುಖ ಇಂಗ್ಲಿಷ್ ಓದಿದವರಿಗೆ ಕಾಣದೆ ಹೋದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಇನ್ನು, ತಿದ್ದುವ ಕ್ರಮವೇ ಎಲ್ಲರಿಗೂ ಒಂದಿಲ್ಲವಲ್ಲ, ಸರಿಯಾದ ಕ್ರಮ ಯಾವುದು ಎಂಬ ಪ್ರಶ್ನೆ. ಕರ್ನಾಟಕದಲ್ಲಿ ಈ ಭೇದ ಭೂಪಟದ ಮೇಲೇ ಇದೆ. ಘಟ್ಟದ ಮೇಲೆ, ದಖ್ಖನಿ ಮಾತಾಡುವ ಮನೆಗಳಲ್ಲೂ ಕನ್ನಡವನ್ನೇ ಮನೆಮಾತು ಮಾಡಿಕೊಂಡ ನದಾಫ, ಪಿಂಜಾರ ಕುಟುಂಬಗಳಲ್ಲೂ ಹನಫೀ ಕ್ರಮ. ಘಟ್ಟದ ಕೆಳಗೆ, ಅರಬ್ಬೀ ಸಮುದ್ರದ ವ್ಯಾಪಾರದ ದಾರಿಯಲ್ಲಿ ಇಸ್ಲಾಮ್ ಬಂದ ಕರಾವಳಿಯಲ್ಲಿ, ಭಟ್ಕಳದ ನವಾಯತರೂ ಮಂಗಳೂರು ಕಡೆಯ ಬ್ಯಾರಿಗಳೂ ಶಾಫಿಈಗಳು. ಶಾಫಿಈಗಳು ಮರೆವಿನ ಸಜ್ದಾವನ್ನು ಸಲಾಮ್‌ಗೆ ಮುಂಚೆಯೇ ಮಾಡುತ್ತಾರೆ. ಅವರಿಗೆ ಅದು ವಾಜಿಬ್ ಅಲ್ಲ, ಸುನ್ನತ್. ಅನುಮಾನ ಬಂದಾಗ ಮನಸ್ಸು ಯಾವ ಕಡೆ ವಾಲಿತೆಂದು ನೋಡುವ ಗೊಡವೆ ಅವರಿಗಿಲ್ಲ, ನೇರವಾಗಿ ಕಡಿಮೆಯ ಸಂಖ್ಯೆ ಹಿಡಿಯುತ್ತಾರೆ. ಎರಡಕ್ಕೂ ಆಧಾರ ಹದೀಸೇ. ಸಲಾಮ್ ಆದಮೇಲಿನ ಸಜ್ದಾದ ವರದಿ ಕೊಟ್ಟ ಇಬ್ನ್ ಮಸ್‌ಊದರನ್ನು ಖಲೀಫಾ ಉಮರ್ ಕೂಫಾ ನಗರಕ್ಕೆ ಕಳಿಸಿದ್ದರು. ಅವರ ಪಾಠ ಅಲ್ಲಿ ಬೇರುಬಿಟ್ಟಿತು. ಅದೇ ಕೂಫಾದಲ್ಲಿ ಅಬೂಹನೀಫರು ಬೆಳೆದರು. ನಡುವಿನ ಕೂಡ್ರುವಿಕೆ ಬಿಟ್ಟುಹೋದಾಗ ಪ್ರವಾದಿಯವರು ಸಲಾಮ್‌ಗೆ ಮುಂಚೆಯೇ ಸಜ್ದಾ ಮಾಡಿದ್ದನ್ನು ಕಂಡ ಇಬ್ನ್ ಬುಹೈನಾರ ವರದಿಯನ್ನು ಇಮಾಮ್ ಶಾಫಿಈ ಹಿಡಿದರು. ಕಡಿಮೆಯಾದ ತಪ್ಪಿಗೆ ಸಲಾಮ್‌ಗೆ ಮುಂಚೆ, ಹೆಚ್ಚಾದ ತಪ್ಪಿಗೆ ಆಮೇಲೆ ಎಂದು ಮಾಲಿಕ್ ಎರಡನ್ನೂ ಹೊಂದಿಸಿದರು. ಒಬ್ಬರ ಕ್ರಮ ಸರಿಯಾದರೆ ಇನ್ನೊಬ್ಬರದು ತಪ್ಪಲೇಬೇಕು ಎಂದು ಹಟ ಹಿಡಿಯುವವರಿಗೆ ಮೂರೂ ಕಡೆಯ ದೊಡ್ಡ ಪಂಡಿತರಲ್ಲಿ ಬೆಂಬಲ ಸಿಗುವುದು ಕಷ್ಟ. ಎರಡೂ ಸಲ್ಲುತ್ತವೆ, ಚರ್ಚೆ ಇರುವುದು ಯಾವುದು ಉತ್ತಮ ಎಂಬುದರಲ್ಲಿ ಎಂದೇ ಅವರಲ್ಲಿ ಬಹಳ ಜನ ಬರೆದಿದ್ದಾರೆ.

ಕುನೂತ್ ಎಂಬ ಒಂದೇ ಪ್ರಾರ್ಥನೆಯನ್ನು ತೆಗೆದುಕೊಳ್ಳಿ. ಭಟ್ಕಳದಲ್ಲಿ ಅದನ್ನು ಫಜರ್ ನಮಾಜಿನ ಎರಡನೆಯ ರಕಾತಿನಲ್ಲಿ ರುಕೂವಿನಿಂದ ಎದ್ದು ನಿಂತು ಓದುತ್ತಾರೆ. ಮರೆತರೆ ಮರೆವಿನ ಸಜ್ದಾ ಮಾಡುತ್ತಾರೆ. ಹುಬ್ಬಳ್ಳಿಯಲ್ಲಿ ಫಜರ್‌ಗೆ ಕುನೂತೇ ಇಲ್ಲ. ಇಶಾದ ನಂತರದ ವಿತ್ರ್‌ನಲ್ಲಿ, ರುಕೂಗೆ ಮುಂಚೆ ಓದುತ್ತಾರೆ, ಅಲ್ಲಿ ಮರೆತರೆ ಸಜ್ದಾ. ಕರಾವಳಿಗೆ ಹೋದ ಹುಬ್ಬಳ್ಳಿಯವರು ಬೆಳಗಿನ ಜಾವ ಶಾಫಿಈ ಇಮಾಮರ ಹಿಂದೆ ನಿಂತಾಗ ಅವರು ಕುನೂತ್ ಶುರು ಮಾಡಿದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಹನಫೀ ಗ್ರಂಥಗಳು ಎತ್ತಿಕೊಂಡಿವೆ. ಇಮಾಮರ ಜೊತೆ ಓದಲಿ ಎಂದರು ಅಬೂಹನೀಫರ ಶಿಷ್ಯ ಅಬೂಯೂಸುಫ್. ಅಬೂಹನೀಫರೂ ಅವರ ಇನ್ನೊಬ್ಬ ಶಿಷ್ಯ ಇಮಾಮ್ ಮುಹಮ್ಮದರೂ ಓದುವುದು ಬೇಡ ಎಂದರು. ಸಾಲು ಬಿಟ್ಟು ಹೋಗುವುದೂ ಬೇಡ, ಎಚ್ಚರಿಸುವುದೂ ಬೇಡ, ಇಮಾಮರು ಮುಗಿಸುವ ತನಕ ಕೈ ಇಳಿಬಿಟ್ಟು ಸುಮ್ಮನೆ ನಿಂತಿದ್ದು, ಅವರು ಸಜ್ದಾಕ್ಕೆ ಹೋದಾಗ ಜೊತೆಗೆ ಹೋಗಲಿ ಎಂಬುದು ಅವರ ಮಾತು.